ಐದನೆಯ ಪಂಜರ

ಸುಮಾರು ನೂರು ವರ್ಷಗಳ ಹಿಂದೆ, ನೀಲಗಿರಿಯ ಕೂನೂರಿನಲ್ಲಿ ಏಳು ಗುಂಪು ಇಲಿಮರಿಗಳಿಗೆ ಭಾರತದ ಏಳು ಜನಸಮುದಾಯಗಳ ಊಟವನ್ನು ಹಾಕಿ ಬೆಳೆಸಲಾಯಿತು. ಗುಂಪಿಗೆ ಇಪ್ಪತ್ತು ಮರಿಗಳು. ವಯಸ್ಸು, ತೂಕ, ಗಾಳಿ, ಬೆಳಕು ಎಲ್ಲಕ್ಕೂ ಸಮಾನ. ಬೇರೆಯಾಗಿದ್ದುದು ಊಟವೊಂದೇ: ಸಿಖ್ಖರದು, ಪಠಾಣರದು, ಮರಾಠರದು, ಗೂರ್ಖರದು, ಕನ್ನಡಿಗರದು, ಬಂಗಾಳಿಗಳದು ಮತ್ತು ಮದರಾಸಿಗಳದು. ಕಡೆಯಲ್ಲಿ ತೂಗಿದಾಗ ಸಿಖ್ಖರ ಊಟ ತಿಂದ ಇಲಿಯ ಸರಾಸರಿ ತೂಕ 235 ಗ್ರಾಂ. ಪಠಾಣರದು 230, ಮರಾಠರದು 225, ಗೂರ್ಖರದು 200. ಐದನೆಯ ಪಂಜರದಲ್ಲಿದ್ದ ‘ಕನ್ನಡಿಗ’ ಇಲಿ 185 ಗ್ರಾಂ ತೂಗಿತು. ಅದರ ಕೆಳಗೆ ಬಂಗಾಳಿ 180, ಮದರಾಸಿ 155.

ಹೊರನಾಡಿನಲ್ಲಿ ವಾಸಿಸುವ ನಮಗೆ ಇಂಥ ಪಟ್ಟಿಯನ್ನು ಓದುವಾಗ ಮೊದಲು ಕಣ್ಣು ಹೋಗುವುದು ನಮ್ಮ ಹೆಸರಿನ ಕಡೆಗೆ. ನೆರೆಮನೆಯ ಮರಾಠರಿಗಿಂತ ನಲವತ್ತು ಗ್ರಾಂ ಕಡಿಮೆ ಎಂದು ಕೊಂಚ ಮುಜುಗರವಾಗುತ್ತದೆ, ಮದರಾಸಿಗಿಂತ ಮೇಲಿದ್ದೇವೆಂದು ಕೊಂಚ ಸಮಾಧಾನವೂ ಆಗುತ್ತದೆ. ಆದರೆ ಈ ಪಟ್ಟಿ ಏನನ್ನು ಅಳೆಯಿತು, ಏನನ್ನು ಅಳೆಯಲಿಲ್ಲ ಎಂಬುದು ಈ ಸ್ಥಾನಮಾನಕ್ಕಿಂತ ದೊಡ್ಡ ಪ್ರಶ್ನೆ. ಬೆಳೆಯುವ ಮಕ್ಕಳ ಊಟದ ವಿಷಯದಲ್ಲಿ ನಾವು ಇಂದಿಗೂ ಎಡವುತ್ತಿರುವುದು ಅದು ಅಳೆಯದೆ ಬಿಟ್ಟ ಜಾಗದಲ್ಲಿಯೇ ಎಂದು ನನಗೆ ತೋರುತ್ತದೆ.

ಈ ಪ್ರಯೋಗ ನಡೆಸಿದವರು ರಾಬರ್ಟ್ ಮೆಕ್‌ಕ್ಯಾರಿಸನ್. ಐರ್ಲೆಂಡಿನ ಉತ್ತರ ಭಾಗದಲ್ಲಿ 1878ರಲ್ಲಿ ಹುಟ್ಟಿ, 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ವೈದ್ಯರು. ಮೊದಲು ಗಿಲ್ಗಿಟ್ ಸೀಮೆಯಲ್ಲಿ ಗಳಗಂಡ ರೋಗದ ಬೆನ್ನು ಹತ್ತಿದರು. 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆ ಕುಳಿತರು. ಅಕ್ಕಿಯನ್ನು ಗಿರಣಿಯಲ್ಲಿ ಬೆಳ್ಳಗೆ ಪಾಲಿಷ್ ಮಾಡಿದಾಗ ತೌಡಿನೊಡನೆ ಬಿ-1 ಜೀವಸತ್ವವೂ ಹೊರಟುಹೋಗುತ್ತದೆ. ಬರೀ ಅಂಥ ಅನ್ನವನ್ನೇ ನೆಚ್ಚಿದವರ ಕೈಕಾಲು ಜೋಮು ಹಿಡಿಯುತ್ತವೆ, ಹೃದಯ ಸೋಲುತ್ತದೆ. ಭತ್ತವನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದರೆ ಆ ಸತ್ವದ ಬಹುಪಾಲು ಕಾಳಿನೊಳಗೇ ಉಳಿಯುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಗಂಜಿ ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದ ಸತ್ಯವಿದು. ಆ ಒಂದು ಕೋಣೆಯ ವಿಚಾರಣೆಯೇ ಬೆಳೆದು ಪೋಷಣಾ ಸಂಶೋಧನಾಲಯವಾಯಿತು.

ಏಳು ಪಂಜರಗಳ ಪ್ರಯೋಗದಿಂದ ಮೆಕ್‌ಕ್ಯಾರಿಸನ್ ತೆಗೆದ ತೀರ್ಮಾನದಲ್ಲಿ ಒಂದು ಧೈರ್ಯವಿತ್ತು. ಬ್ರಿಟಿಷ್ ಸೈನ್ಯ ಆ ಕಾಲದಲ್ಲಿ ಕೆಲವು ಜನಾಂಗಗಳನ್ನು ಹುಟ್ಟಾ ವೀರರೆಂದೂ ಉಳಿದವರನ್ನು ಹುಟ್ಟಾ ದುರ್ಬಲರೆಂದೂ ವಿಂಗಡಿಸಿತ್ತು. ಮೈಕಟ್ಟಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ರಕ್ತವಲ್ಲ, ಊಟ ಎಂದು ಅವರು ಸಾರಿದರು. ಇಲಿಗೆ ಕುಲವಿಲ್ಲ. ಇಡಿ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ, ಹಣ್ಣು, ಅಪರೂಪಕ್ಕೆ ಮಾಂಸ ಸಿಕ್ಕ ಯಾವ ಇಲಿಯಾದರೂ ‘ಸಿಖ್ಖ’ನಾಗಿ ಬೆಳೆಯಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನ ಬಡವರ ಊಟವನ್ನೂ ಇಲಿಗಳಿಗೆ ಹಾಕಿ ನೋಡಿದರು: ಬಿಳಿ ಬ್ರೆಡ್ಡು, ಮಾರ್ಗರೀನ್, ಸಕ್ಕರೆ ಬೆರೆತ ಚಹಾ, ಬೇಯಿಸಿ ಸತ್ವ ಕಳೆದ ತರಕಾರಿ, ಡಬ್ಬಿಯ ಮಾಂಸ. ಆ ಇಲಿಗಳು ಕುಳ್ಳಾದವು, ಕಾಯಿಲೆ ಬಿದ್ದವು. ಒಂದರೊಡನೊಂದು ಹೊಂದಿ ಬಾಳಲಾರದೆ ಕೊನೆಗೆ ದುರ್ಬಲವಾದವುಗಳನ್ನು ಕೊಂದು ತಿನ್ನತೊಡಗಿದವು. ಸಾಮ್ರಾಜ್ಯದ ಅಧಿಕಾರಿಯೊಬ್ಬ ಸಾಮ್ರಾಜ್ಯದ ರಾಜಧಾನಿಯ ತಟ್ಟೆಯನ್ನು ಹೀಗೆ ತೂಗಿದ್ದು ಸಣ್ಣ ಸಂಗತಿಯಲ್ಲ. ನಮ್ಮ ನಗರಗಳ ಹದಿಹರೆಯದ ಮಕ್ಕಳ ಬೆಳಗಿನ ತಿಂಡಿ ಇಂದು ಈ ಎಂಟನೆಯ ಪಂಜರಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಓದುಗರ ಎಣಿಕೆಗೇ ಬಿಡುತ್ತೇನೆ.

ಆದರೂ ಪಟ್ಟಿಯಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದು ಸುಲಭವಾಗಿ ಕಾಣುವಂಥದು. ‘ಕನ್ನಡಿಗರ ಊಟ’ ಎಂಬುದೊಂದು ಇದೆಯೇ? ಹಳೆಯ ಮೈಸೂರಿನ ಮುದ್ದೆ ಮತ್ತು ಉಪ್ಸಾರು, ಬಿಜಾಪುರದ ಕಡೆಯ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ, ಕರಾವಳಿಯ ಗಂಜಿ ಮತ್ತು ಮೀನು, ಮಲೆನಾಡಿನ ಅನ್ನ ಮತ್ತು ತಂಬುಳಿ ಇವೆಲ್ಲ ಒಂದೇ ಪಂಜರದೊಳಗೆ ಹಿಡಿಸುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಮೂಳೆ ಬಲಿಯುವ ವಯಸ್ಸಿನ ಹುಡುಗನೊಬ್ಬನಿಗೆ ಮಂಡ್ಯದ ರಾಗಿಹೊಲದಲ್ಲಿ ಹುಟ್ಟುವುದಕ್ಕೂ ಗದ್ದೆಬಯಲಿನಲ್ಲಿ ಹುಟ್ಟುವುದಕ್ಕೂ ಇದ್ದ ಅಂತರವನ್ನು 185 ಎಂಬ ಒಂದೇ ಅಂಕಿ ನುಂಗಿಹಾಕಿತು.

ಎರಡನೆಯ ಕೊರತೆ ಸೂಕ್ಷ್ಮವಾದುದು. ಪಂಜರದಲ್ಲಿ ಬಡಿಸುವ ಸರದಿ ಇರಲಿಲ್ಲ. ಮನೆಯಲ್ಲಿ ಇದೆ.

ನಮ್ಮ ಮನೆಯಲ್ಲಿ ಗಂಡಸರ ಪಂಕ್ತಿ ಎದ್ದ ಮೇಲೆ ಅಮ್ಮ ಮತ್ತು ಅಕ್ಕ ಕೂರುತ್ತಿದ್ದರು. ಆ ಹೊತ್ತಿಗೆ ಹುಳಿಯ ಪಾತ್ರೆಯಲ್ಲಿ ತಿಳಿ ಉಳಿದಿರುತ್ತಿತ್ತು, ಹೋಳು ಇರುತ್ತಿರಲಿಲ್ಲ. ಯಾರೂ ಅವರಿಗೆ ಅನ್ನ ನಿರಾಕರಿಸಲಿಲ್ಲ. ಅನ್ನ ಬೇಕಾದಷ್ಟು ಇತ್ತು. ಹೋಳು, ಪಲ್ಯ, ಗಟ್ಟಿ ಮೊಸರು ಮಾತ್ರ ಸರದಿಯ ಕಡೆಯವರೆಗೆ ಬರುತ್ತಿರಲಿಲ್ಲ. ಅಕ್ಕನಿಗೆ ಆಗ ಹದಿನಾರು; ಸಂಜೆಯಾದರೆ ತಲೆಸುತ್ತು ಎನ್ನುತ್ತಿದ್ದಳು. ಓದಿನ ಆಯಾಸವೆಂದು ನಾವೆಲ್ಲರೂ ನಂಬಿದ್ದೆವು. ಒಂದೇ ಮನೆ, ಒಂದೇ ಒಲೆ, ಒಂದೇ ‘ಕನ್ನಡಿಗರ ಊಟ’. ಆದರೆ ತಟ್ಟೆಗಳು ಎರಡು ಬಗೆಯವು.

ಕೂನೂರಿನ ಮುಂದಿನ ಇತಿಹಾಸ ಈ ಒಳಗಿನ ತಟ್ಟೆಯ ಕಡೆಗೆ ನಿಧಾನವಾಗಿ ತಿರುಗಿದ ಕಥೆಯೂ ಹೌದು. 1935ರಲ್ಲಿ ಮೆಕ್‌ಕ್ಯಾರಿಸನ್ ನಿವೃತ್ತರಾದಾಗ ವ್ಯಾಲೇಸ್ ಆಕ್ರಾಯ್ಡ್ ಬಂದರು. ಇವರ ಆಸಕ್ತಿ ಜನಾಂಗಗಳಲ್ಲಿರಲಿಲ್ಲ. ಕಾಳು, ಬೇಳೆ, ಸೊಪ್ಪುಗಳಲ್ಲಿತ್ತು. ಭಾರತೀಯ ಆಹಾರಗಳಲ್ಲಿ ಯಾವುದರಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂಬ ಕೋಷ್ಟಕಗಳನ್ನು 1937ರಲ್ಲಿ ಒಂದು ಸಣ್ಣ ಸರಕಾರಿ ಕೈಪಿಡಿಯಾಗಿ ಅವರು ಹೊರತಂದರು. ‘ಸಮತೋಲಿತ ಆಹಾರ’ ಎಂಬ ಮಾತು ನಮ್ಮ ಶಾಲಾ ಪಠ್ಯಗಳಿಗೆ ಇಳಿದು ಬಂದಿದ್ದರಲ್ಲಿ ಆ ಕೋಷ್ಟಕಗಳ ಪಾಲು ದೊಡ್ಡದು.

ಕೂನೂರಿನ ಆ ಸಂಶೋಧನಾಲಯದಲ್ಲಿ ಮುಂದೆ ಸಹಾಯಕ ನಿರ್ದೇಶಕಿಯಾಗಿ ದುಡಿದ ಹೆಣ್ಣುಮಗಳೊಬ್ಬಳ ಹೆಸರನ್ನು ಇಲ್ಲಿ ಹೇಳಲೇಬೇಕು. ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೋನಿ. 1933ರಲ್ಲಿ ಅವರು ಮುಂಬಯಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಹಟ ಬಿಡದೆ ಶರತ್ತುಗಳೊಡನೆ ಒಳಹೊಕ್ಕರು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ಮುಂಬಯಿಯಲ್ಲಿದ್ದಾಗ ಅವರು ಕೈಗೆತ್ತಿಕೊಂಡದ್ದು ನೀರಾ, ಅಂದರೆ ತಾಳೆಯಿಂದ ಇಳಿಸಿದ, ಇನ್ನೂ ಹುಳಿಯೇರದ ರಸ. ಆದಿವಾಸಿ ಸಮುದಾಯಗಳ ಹದಿಹರೆಯದ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಕೊಟ್ಟಾಗ ಅವರ ಆರೋಗ್ಯ ಎದ್ದು ಕಾಣುವಂತೆ ಸುಧಾರಿಸಿದ್ದನ್ನು ತೋರಿಸಿ ರಾಷ್ಟ್ರಪತಿ ಪ್ರಶಸ್ತಿಗೆ ಪಾತ್ರರಾದರು. ಬಡವರಿಗೆ ಎಟುಕುವ, ಊರಿನಲ್ಲೇ ಸಿಗುವ ವಸ್ತು. ಸರದಿಯ ಕಡೆಯಲ್ಲಿ ಕೂರುವವರ ಮೇಲೆ ಗಮನ. ಜನಾಂಗದ ಹೆಸರಿನ ಪಂಜರದಿಂದ ವಿಜ್ಞಾನ ಎಷ್ಟೊಂದು ದೂರ ನಡೆದು ಬಂದಿತ್ತು!

1958ರಲ್ಲಿ ಸಂಶೋಧನಾಲಯ ಕೂನೂರಿನಿಂದ ಹೈದರಾಬಾದಿಗೆ ಬಂತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ನಮ್ಮ ದೇಶದ ಮಕ್ಕಳಿಗೆ ಬೇಕಾದುದು ಡಬ್ಬಿಯ ಪ್ರೋಟೀನ್ ಪುಡಿಯಲ್ಲ, ಧಾನ್ಯ ಮತ್ತು ಬೇಳೆ ಕೂಡಿದ ಊಟ ಹೊಟ್ಟೆ ತುಂಬ ಸಿಗುವುದು ಎಂಬುದನ್ನು ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಇಲ್ಲಿಂದಲೇ ಜಗತ್ತಿಗೆ ಹೇಳಿದರು. ಆಟದ ಮೈದಾನಕ್ಕೆ ಹೋಗುವ ಮಗನಿಗೆ ದುಬಾರಿ ಪುಡಿಯ ಡಬ್ಬಿ ಕೊಳ್ಳುವ ತಂದೆತಾಯಿಗಳು ಇಂದಿಗೂ ಕೇಳಿಸಿಕೊಳ್ಳಬೇಕಾದ ಮಾತು.

ಈ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಕೋಷ್ಟಕವನ್ನು ತೆರೆದರೆ ನಮ್ಮ ಪಂಕ್ತಿಯ ಕ್ರಮವೇ ತಲೆಕೆಳಗಾಗುತ್ತದೆ. ನನ್ನಂತೆ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಬೇಕಾದ ಶಕ್ತಿ 2,110 ಕಿಲೋ ಕ್ಯಾಲರಿ. ಓಡಾಡಿಕೊಂಡಿರುವ ಹದಿನಾರು-ಹದಿನೆಂಟರ ಹುಡುಗಿಗೆ 2,500. ನನಗೆ ಬೇಕಾದ ಕಬ್ಬಿಣಾಂಶ 19 ಮಿಲಿಗ್ರಾಂ, ಅವಳಿಗೆ 32. ಅದೇ ವಯಸ್ಸಿನ ಹುಡುಗನಿಗೆ 26. ಇದಕ್ಕೆ ಕಾರಣ ಸರಳ. ವಯಸ್ಕರ ತೂಕದ ಸರಿಸುಮಾರು ಅರ್ಧದಷ್ಟು ಮೈಗೂಡುವುದು ಹದಿಹರೆಯದ ಆ ಕೆಲವೇ ವರ್ಷಗಳಲ್ಲಿ. ಹೊಸ ಸ್ನಾಯುವಿಗೆ, ಹೆಚ್ಚಿದ ರಕ್ತಕ್ಕೆ ಕಬ್ಬಿಣ ಬೇಕು. ಹುಡುಗಿಗೆ ಪ್ರತಿ ತಿಂಗಳೂ ಕಳೆದುಹೋಗುವುದನ್ನು ತುಂಬಿಕೊಳ್ಳಬೇಕು. ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಕೂರುತ್ತಿದ್ದವಳಿಗೆ ಹೋಳಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತು.

ಇದು ಹಳೆಯ ಕಾಲದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹರೆಯದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 54 ಇತ್ತು. ಹುಡುಗರಲ್ಲಿ ಶೇ. 31. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುವ ಯೋಜನೆ ಬಂದಿದೆ. ಅದು ಬೇಕು, ಆದರೆ ಗುಳಿಗೆಯು ಊಟದ ಜಾಗ ತುಂಬುವುದಿಲ್ಲ. ಶಾಲೆಯ ಬಿಸಿಯೂಟದ ಇತಿಹಾಸವೂ ಉದ್ದವಾದುದೇ: 1920ರ ದಶಕದ ಮದರಾಸು ಕಾರ್ಪೊರೇಷನ್, 1956ರ ಕಾಮರಾಜ್, 1982ರ ಎಂ.ಜಿ.ಆರ್., 2001ರ ಸುಪ್ರೀಂ ಕೋರ್ಟ್ ಆದೇಶ. ಆದರೆ ಕೇಂದ್ರದ ಯೋಜನೆ ಎಂಟನೆಯ ತರಗತಿಗೆ ನಿಲ್ಲುತ್ತದೆ, ಅಂದರೆ ಹಸಿವು ಹೆಚ್ಚಾಗುವ ಹೊತ್ತಿಗೆ. ಕರ್ನಾಟಕ ತನ್ನ ಬಿಸಿಯೂಟವನ್ನು ಹತ್ತನೆಯ ತರಗತಿಯವರೆಗೂ ಒಯ್ದಿದೆ. 2013ರಿಂದ ಕ್ಷೀರಭಾಗ್ಯದ ಹಾಲು, ಇತ್ತೀಚೆಗೆ ಮೊಟ್ಟೆ ಅಥವಾ ಬಾಳೆಹಣ್ಣು ಸೇರಿವೆ. ಐದನೆಯ ಪಂಜರದ ನಾಡಿಗೆ ಇದು ಗೌರವದ ಸಂಗತಿ.

ಉಳಿದದ್ದು ಮನೆಯಲ್ಲಿ ಆಗಬೇಕು. ಅದಕ್ಕೆ ಬೇಕಾದ ಸಾಮಗ್ರಿ ದೂರದ್ದಲ್ಲ. ಪುಣೆಯಲ್ಲಿದ್ದರೂ ದೆಹಲಿಯಲ್ಲಿದ್ದರೂ ರಾಗಿ ಸಿಗುತ್ತದೆ. ಮೊಳಕೆ ಬರಿಸಿದ ರಾಗಿಯಲ್ಲಿ, ಕಾಳಿನಲ್ಲಿ ಕಬ್ಬಿಣ ಮೈಗೆ ಹತ್ತುವುದು ಸುಲಭ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆಹಣ್ಣು, ಊಟದೊಡನೆ ತಿಂದ ನೆಲ್ಲಿಕಾಯಿ ಅಥವಾ ಸೀಬೆ ಆ ಕೆಲಸಕ್ಕೆ ಇನ್ನಷ್ಟು ನೆರವಾಗುತ್ತವೆ. ಊಟದ ಬೆನ್ನಿಗೇ ಕುಡಿದ ಚಹಾ ಕಾಫಿ ಅದನ್ನು ಕೆಡಿಸುತ್ತವೆ. ಮೊಸರು, ಬೇಳೆ, ಶೇಂಗಾ, ತಿನ್ನುವವರಾದರೆ ಮೊಟ್ಟೆ ಮೀನು: ಇವುಗಳಲ್ಲಿ ಯಾವುದೂ ಕೂನೂರಿಗೆ ಹೊಸದಾಗಿರಲಿಲ್ಲ, ನಮ್ಮ ಅಜ್ಜಿಯರಿಗೂ ಆಗಿರಲಿಲ್ಲ.

ಹೊಸದಾಗಿ ಕಲಿಯಬೇಕಾದುದು ಬಡಿಸುವ ಕ್ರಮವೊಂದನ್ನೇ. ಮೆಕ್‌ಕ್ಯಾರಿಸನ್ ಪಂಜರ ಪಂಜರಗಳ ನಡುವಿನ ಐವತ್ತು ಗ್ರಾಮುಗಳನ್ನು ತೂಗಿದರು. ಒಂದೇ ಪಂಕ್ತಿಯ ಎರಡು ತಟ್ಟೆಗಳ ನಡುವಿನ ಅಂತರವನ್ನು ತೂಗಲು ತಕ್ಕಡಿ ಬೇಕಿಲ್ಲ, ಹುಳಿಯ ಪಾತ್ರೆಯೊಳಗೆ ಒಮ್ಮೆ ಸೌಟು ಆಡಿಸಿದರೆ ಸಾಕು. ಹೋಳು ಇನ್ನೂ ಇದ್ದಾಗಲೇ ಮಗಳನ್ನು ಊಟಕ್ಕೆ ಕರೆಯೋಣ.