ಬಕ್ನರ್ ಕಾಲ ಸಂದಿಯ ಚೆಂಡು

ನನ್ನ ಗೆಳೆಯನೊಬ್ಬ ಇವತ್ತಿಗೂ ಬಿಲ್ ಬಕ್ನರ್‌ನನ್ನೇ ಬೈಯುತ್ತಾನೆ. 1986ರ ಅಕ್ಟೋಬರ್ 25, ನ್ಯೂಯಾರ್ಕಿನ ಶೇ ಸ್ಟೇಡಿಯಂ, ವರ್ಲ್ಡ್ ಸೀರೀಸ್‌ನ ಆರನೇ ಆಟ. 1918ರಿಂದ ಪಟ್ಟ ಕಾಣದ ಬಾಸ್ಟನ್ ರೆಡ್ ಸಾಕ್ಸ್ ಸರಣಿಯಲ್ಲಿ 3-2 ಮುಂದಿತ್ತು. ಹತ್ತನೇ ಇನ್ನಿಂಗ್ಸ್‌ನಲ್ಲಿ 5-3, ಮೆಟ್ಸ್‌ನ ಇಬ್ಬರು ಔಟ್. ಇನ್ನೊಂದು ಔಟ್ ಸಾಕಿತ್ತು!

ಆಮೇಲೆ ಚೆಂಡು ಬಕ್ನರ್ ಕಾಲ ಸಂದಿಯಲ್ಲಿ ನುಸುಳಿ ಮೆಟ್ಸ್ 6-5 ಗೆದ್ದಿತು. ಆದರೆ ಅದಕ್ಕೆ ಮೊದಲೇ ಸ್ಟ್ಯಾನ್ಲಿಯ ದಿಕ್ಕುತಪ್ಪಿದ ಎಸೆತದಿಂದ 5-5 ಆಗಿತ್ತಲ್ಲ, ಅದನ್ನು ಯಾರೂ ಹೇಳುವುದಿಲ್ಲ.

ನನ್ನ ತಕರಾರು ಮ್ಯಾನೇಜರ್ ಮೆಕ್‌ನಮಾರ ಮೇಲೆ, ಅದೂ ಎಂಟನೇ ಇನ್ನಿಂಗ್ಸ್ ಬಗ್ಗೆ. ಬಾಸ್ಟನ್ 3-2 ಮುಂದೆ, ಮೂರೂ ಬೇಸ್ ಭರ್ತಿ, ಇಬ್ಬರು ಔಟ್. ಮೆಟ್ಸ್ ಎಡಗೈ ಎಸೆತಗಾರ ಒರೊಸ್ಕೋನನ್ನು ತಂದಿತು. ಬಕ್ನರ್ ಕೂಡ ಎಡಗೈಯವನು, ಮೇಲಾಗಿ ಕಾಲುನೋವು. ಆ ವರ್ಷ 31 ಹೋಮ್ ರನ್ ಹೊಡೆದ ಬಲಗೈ ಡಾನ್ ಬೇಲರ್ ಬೆಂಚಿನ ಮೇಲೇ ಕೂತಿದ್ದ! ಬಕ್ನರ್ ಎತ್ತಿ ಹೊಡೆದು ಕ್ಯಾಚಿತ್ತ. ಬೇಲರ್‌ನನ್ನು ಇಳಿಸಿದ್ದರೆ ಫಸ್ಟ್ ಬೇಸ್‌ಗೆ ಸ್ಟೇಪಲ್ಟನ್ ತಾನಾಗಿಯೇ ಬರುತ್ತಿದ್ದ. ಆ ಸರಣಿಯಲ್ಲೇ ಕೊನೆಯ ಹೊತ್ತಿಗೆ ಅವನನ್ನು ತಂದದ್ದಿತ್ತು.

ಏಳನೇ ಆಟವೂ 8-5ಕ್ಕೆ ಹೋಯಿತು. ಬೈಗುಳ ತಿಂದದ್ದು ಮಾತ್ರ ಬಕ್ನರ್. 2008ರಲ್ಲಿ ಫೆನ್‌ವೇಯಲ್ಲಿ ಮೊದಲ ಚೆಂಡೆಸೆಯಲು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವನು ಕಣ್ಣೊರೆಸಿಕೊಂಡ.