ಕಪ್ಪಡಿಯ ದಾರಿಯಲ್ಲಿ ತಂಬೂರಿ

ಮೈಸೂರಿನಿಂದ ಹುಣಸೂರಿಗೆ ಹೋಗುವವರಿಗೆ ಬಿಳಿಕೆರೆಯಲ್ಲಿ ಬಲಕ್ಕೊಂದು ದಾರಿ ಒಡೆಯುತ್ತದೆ. ಅದು ಕೆ.ಆರ್. ನಗರ, ಹೊಳೆನರಸೀಪುರ ಹಾದು ಹಾಸನದ ಕಡೆ ಸಾಗುವ ಹೆದ್ದಾರಿ. ಶಿವರಾತ್ರಿ ಬಂತೆಂದರೆ ಸುತ್ತಲ ಸೀಮೆಯ ಮಂದಿ ಅಕ್ಕಿ, ರಾಗಿಹಿಟ್ಟು, ಪಾತ್ರೆ, ಚಾಪೆ ತುಂಬಿಕೊಂಡು ಕೆ.ಆರ್. ನಗರ ತಾಲೂಕಿನ ಕಪ್ಪಡಿಗೆ ಹೊರಡುತ್ತಾರೆ. ಹಿಂದೆ ಎತ್ತಿನ ಗಾಡಿ, ಈಗ ಟ್ರ್ಯಾಕ್ಟರು. ಕಾವೇರಿ ದಡದ ಈ ಕ್ಷೇತ್ರದಲ್ಲಿ ಮಂಟೇಸ್ವಾಮಿಯ ಶಿಷ್ಯರಾದ ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಉರಿಗದ್ದಿಗೆಗಳಿವೆ. ಯುಗಾದಿ ಹೊತ್ತಿನವರೆಗೂ ಜಾತ್ರೆ ನಡೆಯುತ್ತದೆ. ಬಿಡಾರ ಹೂಡಿ, ಒಲೆ ಹಚ್ಚಿ, ರಾತ್ರಿ ಕತೆ ಕೇಳಿಯೇ ಒಕ್ಕಲಿನವರು ಊರಿಗೆ ಮರಳುವುದು.

ಕತೆ ಹೇಳುವವರು ನೀಲಗಾರರು.

ಗುರು ಮಂಟೇಸ್ವಾಮಿಯ ಶಿಷ್ಯಪರಂಪರೆಯ ಹಾಡುಗಾರರು ಇವರು. ಕಪ್ಪಡಿ, ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರ, ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಇವರ ದೊಡ್ಡ ಕ್ಷೇತ್ರಗಳು. ಮನೆಯವರು ಹರಕೆ ಹೊತ್ತು ಮಗನೊಬ್ಬನನ್ನು ನೀಲಗಾರನಾಗಿ ಬಿಡುತ್ತಾರೆ. ದೀಕ್ಷೆ ಪಡೆದವನು ಜೋಳಿಗೆ ಹಿಡಿದು ಭಿಕ್ಷಕ್ಕೆ ಹೋಗಬೇಕು, ಕರೆದ ಮನೆಯಲ್ಲಿ ಹಾಡಬೇಕು. ಗದ್ದಿಗೆಯ ಯಜಮಾನಿಕೆ ಅರಸು ಮನೆತನಗಳದ್ದು. ಹಾಡುವವರಲ್ಲಿ ಬಹಳ ಮಂದಿ ದಲಿತರು. ಕೇಳುವ ಒಕ್ಕಲುಗಳಲ್ಲಿ ಒಕ್ಕಲಿಗರು, ಕುರುಬರು, ಉಪ್ಪಾರರು ಎಲ್ಲರೂ ಇದ್ದಾರೆ. ಊರಿನಲ್ಲಿ ಬೇರೆ ಬೇರೆ ಕೇರಿಯವರಾದ ಇವರನ್ನು ಒಂದು ರಾತ್ರಿಯ ಮಟ್ಟಿಗೆ ಒಂದೇ ದೀಪದ ಸುತ್ತ ಕೂರಿಸುವ ಶಕ್ತಿ ಈ ಹಾಡಿಗಿದೆ. ಅದರ ಬೆಲೆಯನ್ನು ಕಡಿಮೆಯೆಂದು ಎಣಿಸಲಾಗದು.

ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ‘ಸಾಲು’ಗಳಾಗಿ ಒಡೆದುಕೊಂಡಿದ್ದಾರೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಹೊಲಸು ಮೆತ್ತಿದ ರೂಪದಲ್ಲಿ ಬಂದು ಬಸವಣ್ಣನ ಶರಣರ ನಿಜವನ್ನು ಪರೀಕ್ಷಿಸುತ್ತಾನೆ. ಬಸವಣ್ಣ ಹನ್ನೆರಡನೆಯ ಶತಮಾನದವನು. ಮಂಟೇಸ್ವಾಮಿ ಅವನಿಗಿಂತ ಕೆಲವು ಶತಮಾನ ಈಚಿನವನೆಂಬುದು ವಿದ್ವಾಂಸರ ಎಣಿಕೆ. ಹಾಡಿಗೆ ಆ ಲೆಕ್ಕ ಬೇಕಿಲ್ಲ. ಕಲ್ಯಾಣದ ಮಾತನ್ನು ಕಲ್ಯಾಣದವರಿಗೇ ನೆನಪಿಸಲು ಕೆಳಗಿನ ಕೇರಿಯಿಂದ ಒಬ್ಬ ಗುರು ಬರಬೇಕಾಗಿತ್ತು, ಬಂದ. ಮುಂದಿನ ಸಾಲುಗಳಲ್ಲಿ ಕೆಂಪಾಚಾರಿ ಎಂಬ ಹುಡುಗ ತಂದೆತಾಯಿಯ ಮಡಿಲಿನಿಂದ ಗುರುವಿನ ಪಾಲಾಗಿ ಸಿದ್ದಪ್ಪಾಜಿಯಾಗುತ್ತಾನೆ. ಕಬ್ಬಿಣದ ಭಿಕ್ಷ ತರಲು ಹಲಗೂರಿಗೆ ಹೋಗುತ್ತಾನೆ. ಅಲ್ಲಿನ ಕಮ್ಮಾರರಾದ ಪಾಂಚಾಳರು ಕಬ್ಬಿಣವಿಲ್ಲವೆಂದು ಸುಳ್ಳಾಡಿ, ವಿಷವಿಕ್ಕಿ, ಪವಾಡದ ಮೇಲೆ ಪವಾಡ ಕೇಳುತ್ತಾರೆ.

ಹಾಡುವಾಗ ಮೇಳದ ಮುಂದಾಳು ತಂಬೂರಿ ಮೀಟುತ್ತಾ ಗಗ್ಗರ ಕುಣಿಸುತ್ತಾನೆ. ಪಕ್ಕದವನ ಕೈಯಲ್ಲಿ ದಮ್ಮಡಿ, ಇನ್ನೊಬ್ಬನ ಕೈಯಲ್ಲಿ ತಾಳ. ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ. ಹಾಡು ಒಂದೆಡೆ ಮಾತಾಗುತ್ತದೆ, ಮಾತು ಮತ್ತೆ ಹಾಡಾಗುತ್ತದೆ. ಸಾಲೊಂದು ಎರಡು ಗಂಟೆಯಲ್ಲಿ ಮುಗಿಯಬಹುದು, ಕೋಳಿ ಕೂಗುವ ತನಕ ಬೆಳೆಯಲೂಬಹುದು. ಎದುರು ಕೂತವರ ಮುಖ ನೋಡಿ ಹಾಡುಗಾರ ಅದನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ.

ಇಂಥ ಹಾಡನ್ನು ಕಾಗದಕ್ಕೆ ಇಳಿಸುವ ವಿಚಾರದಲ್ಲಿ ದೂರದ ಸ್ಕಾಟ್ಲೆಂಡಿನ ಕತೆಯೊಂದು ಮೈಸೂರನ್ನು ಮುಟ್ಟಿ ಹೋಗಿದೆ. ವಾಲ್ಟರ್ ಸ್ಕಾಟ್ ತನ್ನ ಗಡಿನಾಡಿನ ಲಾವಣಿಗಳ ಸಂಗ್ರಹವನ್ನು 1802ರಲ್ಲಿ ಹೊರತಂದಾಗ ಅವನಿಗೆ ನೆರವಾದವರಲ್ಲಿ ಜಾನ್ ಲೇಡನ್ ಒಬ್ಬ. ಮರುವರ್ಷವೇ ಲೇಡನ್ ವೈದ್ಯನಾಗಿ ಮದರಾಸಿಗೆ ಬಂದು, 1804ರಲ್ಲಿ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ ತಂಡ ಸೇರಿದ. ಮೆಕೆಂಜಿಯೂ ಸ್ಕಾಟ್ಲೆಂಡಿನವನೇ. ಲಾವಣಿಯ ರುಚಿ ಬಲ್ಲ ಲೇಡನ್ ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಬಿದ್ದು ಮಲಗಿದ್ದ ಕಾಲದಲ್ಲಿ, ಅವನಿಂದ ಒಂದೆರಡು ದಿನದ ದಾರಿಯ ಆಚೆ ತಂಬೂರಿಗಳು ನುಡಿಯುತ್ತಿದ್ದವೆಂದು ನೆನೆದರೆ ಮನಸ್ಸು ಕಲಕುತ್ತದೆ.

ಸ್ಕಾಟನಿಗೆ ಹಾಡು ಕೊಟ್ಟವರಲ್ಲಿ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ ಕೂಡ ಇದ್ದಳು. ಹಾಡಲೆಂದು ಹುಟ್ಟಿದ್ದನ್ನು ಓದಲೆಂದು ಅಚ್ಚು ಹಾಕಿಸಿ ಕೆಡಿಸಿದಿರಿ ಎಂದು ಆಕೆ ಸ್ಕಾಟನ ಮುಖಕ್ಕೇ ಹೇಳಿದಳಂತೆ. ಮುಂದೆ ಅಲ್ಲಿನವರು ಅಚ್ಚಿನ ಮೊಳೆ ಬಿಟ್ಟು ಧ್ವನಿಮುದ್ರಣಕ್ಕೆ ಕೈಹಾಕಿದರು. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಅಧ್ಯಯನಕ್ಕೊಂದು ಕೇಂದ್ರ ತೆರೆಯಿತು. ಎರಡು ವರ್ಷದ ನಂತರ ಆ ಕೇಂದ್ರದ ಹೇಮಿಷ್ ಹೆಂಡರ್ಸನ್ ಅಬರ್ಡೀನಿನಲ್ಲಿ ಜೀನಿ ರಾಬರ್ಟ್‌ಸನ್ ಎಂಬ ಹಾಡುಗಾರ್ತಿಯನ್ನು ಕಂಡ. ಆಕೆ ಊರವರು ಕೀಳಾಗಿ ಕಾಣುತ್ತಿದ್ದ ಅಲೆಮಾರಿ ಕುಲದವಳು. ಅಲ್ಲಿಯೂ ದೊಡ್ಡ ಹಾಡುಗಳು ಉಳಿದಿದ್ದು ಊರಾಚೆಯವರ ಕೊರಳಲ್ಲಿ.

ಮೈಸೂರಿನಲ್ಲಿ ಇಂಥ ಕೆಲಸಕ್ಕೆ ಬಲ ಬಂದದ್ದು ದೇ. ಜವರೇಗೌಡರ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯಿಂದ. ಅಲ್ಲಿನ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ಜೀ.ಶಂ. ಪರಮಶಿವಯ್ಯ ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಹಾಕಿದರು; ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳ ಮೇಲೆ ಅವರು ಬರೆದ ಗ್ರಂಥ ಇಂದಿಗೂ ಈ ದಾರಿಯವರಿಗೆ ಕೈದೀವಿಗೆ. ಪಿ.ಕೆ. ರಾಜಶೇಖರ ಇದೇ ಸೀಮೆಯ ಇನ್ನೊಂದು ದೊಡ್ಡ ಕಾವ್ಯವಾದ ಮಲೆ ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿದರು. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ದೇವನೂರ ಮಹಾದೇವ ಅವರ ಕಾದಂಬರಿ ‘ಕುಸುಮಬಾಲೆ’ 1984ರಲ್ಲಿ ಬಂದಾಗ, ಕತೆಯನ್ನು ಹೀಗೂ ನಡೆಸಬಹುದೇ ಎಂದು ಬೆರಗಾದವರುಂಟು. ಆ ನಡಿಗೆಯ ಹಿಂದೆ ಈ ನೆಲದ ರಾತ್ರಿಕತೆಗಳ ಉಸಿರಿದೆ.

ಕ್ಯಾಸೆಟ್ಟು ಬಂದ ಮೇಲೆ ಹಾಡುಗಾರ ಮಳವಳ್ಳಿ ಮಹದೇವಸ್ವಾಮಿಯವರ ದನಿ ಈ ಭಾಗದ ಮನೆಮನೆ ಹೊಕ್ಕಿತು. ಮೈಸೂರು ಗುರುರಾಜ್ ಅವರಂಥವರು ಮಂಟೇಸ್ವಾಮಿ ಕತೆಯನ್ನು ವೇದಿಕೆಗೆ ತಂದರು. ಗಳಿಸಿದ್ದು ಬಹಳ: ಹೆಸರು, ಸಂಭಾವನೆ, ಗೌರವ. ಕಳೆದುಕೊಂಡದ್ದೂ ಇದೆ. ಉತ್ಸವದ ವೇದಿಕೆ ಕೊಡುವುದು ಕೆಲವೇ ನಿಮಿಷ. ಮಾದೇಶ್ವರನ ಭಕ್ತರ ಬೀಸು ಕಂಸಾಳೆ ಕುಣಿತದ ವೇಗಕ್ಕೆ ಆ ಹೊತ್ತು ಒಗ್ಗುತ್ತದೆ, ನೋಡುವ ಕಣ್ಣಿಗೂ ಹಬ್ಬ. ಹಲಗೂರಿನ ಸಾಲು ಅಷ್ಟರಲ್ಲಿ ಊರ ಬಾಗಿಲನ್ನೂ ಮುಟ್ಟದು. ದೀಕ್ಷೆ ಪಡೆಯುವ ಹುಡುಗರು ಕಡಿಮೆಯಾದರೆ ಉದ್ದದ ಸಾಲುಗಳು ಮೊದಲು ಹೋಗುತ್ತವೆ, ಏಕೆಂದರೆ ಅವನ್ನು ಕಲಿಯುವುದು ಗುರುವಿನ ಹಿಂದೆ ವರ್ಷಗಟ್ಟಲೆ ಸೊಲ್ಲು ಕೊಡುತ್ತಾ ಮಾತ್ರ.

ಕಪ್ಪಡಿಯ ಬಿಡಾರಗಳಲ್ಲಿ ಮಾತ್ರ ಹೊತ್ತಿನ ಕೊರತೆಯಿಲ್ಲ. ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತವೆ, ಒಲೆಯ ಕೆಂಡ ಬೂದಿ ಮುಚ್ಚಿರುತ್ತದೆ. ಕೆಂಪಾಚಾರಿಯ ತಾಯಿ ಮಗನನ್ನು ಗುರುವಿಗೆ ಬಿಟ್ಟುಕೊಡಲಾರದೆ ಗೋಳಾಡುವ ಭಾಗಕ್ಕೆ ಕತೆ ಬಂದಾಗ, ಅದನ್ನು ಹಾಡುತ್ತಿರುವವನೂ ಒಂದು ದಿನ ಹರಕೆಗೆ ಬಿಟ್ಟ ಮಗನೇ. ಎದುರು ಕೂತ ಹೆಂಗಸರಲ್ಲಿ ಮಗನನ್ನು ಹಾಗೆ ಬಿಟ್ಟ ತಾಯಂದಿರೂ ಇರುತ್ತಾರೆ. ಆ ಹೊತ್ತಿಗೆ ದಮ್ಮಡಿ ನಿಲ್ಲುತ್ತದೆ, ತಂಬೂರಿಯ ತಂತಿಯೊಂದೇ ಬಹಳ ಹೊತ್ತು ಮಿಡಿಯುತ್ತಿರುತ್ತದೆ.