ನೀರಿಗದ್ದಿದರೆ ಮೆತ್ತಗಾಗುವ ಲೋಹ

ಉಕ್ಕಿನ ಉಳಿಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಗಟ್ಟಿಯಾಗುತ್ತದೆ. ಕುಲುಮೆ ಕಂಡವರಿಗೆಲ್ಲ ಗೊತ್ತಿರುವ ಸಂಗತಿ. ಬೆರಿಲಿಯಂ ತಾಮ್ರದ ದಾರಿಯೇ ಬೇರೆ. ಸುಮಾರು 790 ಡಿಗ್ರಿಗೆ ಕಾಯಿಸಿ ನೀರಿಗೆ ಹಾಕಿದರೆ ಅದು ಮೆತ್ತಗಾಗುತ್ತದೆ. ಆಮೇಲೆ 315 ಡಿಗ್ರಿಯ ಓವನ್ನಿನಲ್ಲಿ ಎರಡು-ಮೂರು ಗಂಟೆ ಇಟ್ಟರೆ ಅದರ ಬಲ 1,200 ಮೆಗಾಪಾಸ್ಕಲ್ ದಾಟುತ್ತದೆ. ಬರಿಯ ಮೆದು ತಾಮ್ರದ್ದು 220ರ ಆಸುಪಾಸು. ಇಷ್ಟಕ್ಕೆಲ್ಲ ಕಾರಣ, ನೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ ಬೆರಿಲಿಯಂ. ಉಳಿದದ್ದು ಹೆಚ್ಚುಕಡಿಮೆ ತಾಮ್ರವೇ.

ಈ ವಿದ್ಯೆ ಮೊದಲು ಸಿಕ್ಕಿದ್ದು ತಾಮ್ರದಲ್ಲಲ್ಲ, ಅಲ್ಯುಮಿನಿಯಂನಲ್ಲಿ. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಕಾಯಿಸಿ ತಣಿಸಿಟ್ಟ ಮಿಶ್ರಲೋಹದ ತುಂಡನ್ನು ಕೆಲವು ದಿನ ಬಿಟ್ಟು ಅಳೆದ. ಸುಮ್ಮನೆ ಬಿದ್ದಿದ್ದ ತುಂಡು ತಾನಾಗಿಯೇ ಗಡಸಾಗಿತ್ತು. ಅದೇ ಜಾಡಿನಲ್ಲಿ 1920ರ ದಶಕದಲ್ಲಿ ಅಮೆರಿಕದ ಮೈಕೆಲ್ ಕಾರ್ಸನ್ ಮತ್ತು ಜರ್ಮನಿಯ ಸೀಮೆನ್ಸ್ ಸಂಶೋಧಕರು ಬೆರಿಲಿಯಂ ತಾಮ್ರಕ್ಕೆ ಬಂದರು.

ಟರ್ನರ್ ಆಗಿದ್ದ ನಾನು ಈ ಲೋಹವನ್ನು ಮೆಚ್ಚಿದವನೇ. ತೀರ ಮೆದುವಿದ್ದರೆ ಟೂಲಿಗೆ ಅಂಟುತ್ತದೆ, ಚಿಪ್ಸ್ ಉದ್ದುದ್ದ ಸುತ್ತಿಕೊಳ್ಳುತ್ತದೆ. ಆದ್ದರಿಂದ ಎಳೆದು ಅರೆಗಡಸು ಮಾಡಿದ ರಾಡೇ ಲೇತಿಗೆ ಒಳ್ಳೆಯದು. ಮೊದಲು ಟರ್ನಿಂಗ್, ಆಮೇಲೆ ಓವನ್ನು. ಓವನ್ನಿನಲ್ಲಿ ಅದು ಸಾವಿರಕ್ಕೆ ಎರಡರಷ್ಟು ಕುಗ್ಗುತ್ತದೆ, ಅಂದರೆ 100 ಮಿಲಿಮೀಟರಿಗೆ 0.2. ಅಷ್ಟನ್ನು ಮೊದಲೇ ಬಿಟ್ಟುಕೊಳ್ಳದ ಹುಡುಗನ ಬುಶ್ಶು ಸ್ಕ್ರ್ಯಾಪಿಗೇ. ಸ್ಪ್ರಿಂಗು, ಕನೆಕ್ಟರು, ಪ್ಲಾಸ್ಟಿಕ್ ಮೋಲ್ಡಿನ ಇನ್ಸರ್ಟು, ವಿಮಾನದ ಲ್ಯಾಂಡಿಂಗ್ ಗೇರಿನ ಬುಶ್ಶು, ಪೆಟ್ರೋಲಿನ ಬಳಿ ಕಿಡಿ ಹಾರಿಸದ ಸುತ್ತಿಗೆ: ಎಲ್ಲಕ್ಕೂ ಸೈ.

ಗಟ್ಟಿ ತುಂಡನ್ನು ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ. ಅಪಾಯವಿರುವುದು ದೂಳಿನಲ್ಲಿ, ಹೊಗೆಯಲ್ಲಿ. ಅದರಿಂದ ಬರುವ ದೀರ್ಘಕಾಲದ ರೋಗವನ್ನು ಬಯಲಿಗೆ ತಂದದ್ದು ಲೋಹದ ಕಾರ್ಖಾನೆಯಲ್ಲ, ಟ್ಯೂಬ್‌ಲೈಟಿನದು. ಆಗಿನ ಟ್ಯೂಬುಗಳೊಳಗಿನ ಬಿಳಿ ಪುಡಿಯಲ್ಲಿ ಬೆರಿಲಿಯಂ ಇರುತ್ತಿತ್ತು. ಮ್ಯಾಸಚುಸೆಟ್ಸ್‌ನ ಸೇಲಂನಲ್ಲಿ ಅದರ ನಡುವೆ ದುಡಿದವರ ಶ್ವಾಸಕೋಶ ಕೆಡುತ್ತಿರುವುದನ್ನು 1946ರಲ್ಲಿ ಡಾಕ್ಟರ್ ಹ್ಯಾರಿಯೆಟ್ ಹಾರ್ಡಿ ಬರೆದು ಪ್ರಕಟಿಸಿದರು. ಕೆಲಸ ಬಿಟ್ಟು ವರ್ಷಗಳಾದ ಮೇಲೂ ರೋಗ ಕಾಣಿಸಿಕೊಳ್ಳುತ್ತಿತ್ತು.

ಹಾಗಾದರೆ ಗಾಳಿಯಲ್ಲಿ ಎಷ್ಟಿದ್ದರೆ ನಡೆದೀತು? ಅಮೆರಿಕದ ಅಣುಶಕ್ತಿ ಆಯೋಗದ ಮೆರಿಲ್ ಐಸೆನ್‌ಬಡ್ ಮತ್ತು ವೈದ್ಯ ವಿಲರ್ಡ್ ಮ್ಯಾಕ್ಲೆ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಹಾಕಿದರು. ಭಾರಲೋಹಗಳ ಮಿತಿಯನ್ನು ಪರಮಾಣು ತೂಕಕ್ಕೆ ತಕ್ಕಂತೆ ಇಳಿಸಿ, ಮುನ್ನೆಚ್ಚರಿಕೆಗೆಂದು ಇನ್ನಷ್ಟು ಕಡಿದು, ಘನಮೀಟರಿಗೆ 2 ಮೈಕ್ರೋಗ್ರಾಂ ಎಂದರು. ಜಗ್ಗಾಡಿ ತರಕಾರಿ ಕೊಳ್ಳುವಷ್ಟು ಹೊತ್ತೂ ಹಿಡಿದಿರಲಾರದು. ಆದರೂ 1949ರಲ್ಲಿ ಜಾರಿಗೆ ಬಂದ ಆ ಅಂಕಿಯೇ ಅಮೆರಿಕದ ಸಾಮಾನ್ಯ ಕಾರ್ಖಾನೆಗಳ ನಿಯಮವಾಗಿ ಉಳಿದು, 2017ರಲ್ಲಷ್ಟೇ 0.2ಕ್ಕೆ ಇಳಿಯಿತು.

ನಾನು ಕೆಲಸ ಕಲಿತ ಶೆಡ್ಡಿನಲ್ಲಿ ಪಾಳಿ ಮುಗಿದಾಗ ಏರ್ ಗನ್ನಿನಿಂದ ಊದಿ ಲೇತನ್ನು ಸ್ವಚ್ಛ ಮಾಡುತ್ತಿದ್ದೆವು. ಕೂಲಂಟ್ ಸುರಿಯುತ್ತಲೇ ಕತ್ತರಿಸಬೇಕು, ಒಣದಾಗಿ ಗ್ರೈಂಡಿಂಗ್ ಮಾಡಬಾರದು, ದೂಳನ್ನು ಒದ್ದೆ ಬಟ್ಟೆಯಲ್ಲೇ ಒರೆಸಬೇಕು ಎಂಬುದನ್ನು ನಮಗೆ ಯಾರೂ ಹೇಳಿರಲಿಲ್ಲ. ಡ್ರಾಯಿಂಗಿನಲ್ಲಿ ಕುಗ್ಗುವಿಕೆಯ ಲೆಕ್ಕ ಮಾತ್ರ ಪಾಯಿಂಟಿನ ಮೂರನೇ ಸ್ಥಾನದವರೆಗೂ ಇರುತ್ತಿತ್ತು.